ಬಲೂನ್ ರಾಕೆಟ್: ಎರಡೂ ಬಲ ಸಮ ಅಂದಮೇಲೆ ಬಲೂನ್ ಮುಂದೆ ಹೋಗೋದು ಹೇಗೆ?

ಪ್ರಶ್ನೆ
ವಿಜ್ಞಾನ ಟೀಚರ್, ಗದಗ ಜಿಲ್ಲೆ

ಎಲ್ಲರಿಗೂ ನಮಸ್ಕಾರ.

ಸರ್ಕಾರಿ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಗೆ ವಿಜ್ಞಾನ ತೆಗೆದುಕೊಳ್ಳುತ್ತೇನೆ. ಈಗ ನ್ಯೂಟನ್ನನ ಮೂರನೇ ನಿಯಮ ನಡೆಯುತ್ತಿದೆ. ಚಕ್ರದ ಗಾಡಿ ಮೇಲೆ ಇಬ್ಬರನ್ನು ನಿಲ್ಲಿಸಿ ಮರಳಿನ ಚೀಲ ಎಸೆಯಲು ಹೇಳುವ ಚಟುವಟಿಕೆ ಮಾಡಿಸೋಣ ಅಂದರೆ ಅಂಥ ಗಾಡಿ ನಮ್ಮಲ್ಲಿ ಇಲ್ಲ. ಹಾಗಾಗಿ ಬಲೂನ್ ರಾಕೆಟ್ ಮಾಡಿಸಿದೆ. ಕಿಟಕಿಯ ಸರಳಿನಿಂದ ಎದುರಿನ ಬಾಗಿಲ ಚಿಲಕದವರೆಗೆ ದಾರ ಕಟ್ಟಿದೆವು. ದಾರಕ್ಕೆ ಸ್ಟ್ರಾ ಪೋಣಿಸಿ, ಸ್ಟ್ರಾಗೆ ಊದಿದ ಬಲೂನ್ ಅಂಟಿಸಿ ಬಾಯಿ ಬಿಟ್ಟೆವು. ಸರ್ರಂತ ಹೋಯಿತು. ಮಕ್ಕಳು ಬೆಂಚು ಹತ್ತಿ ನಿಂತುಬಿಟ್ಟರು. ಪಕ್ಕದ ಕ್ಲಾಸಿನವರೂ ಕಿಟಕಿಗೆ ಬಂದು ಇಣುಕಿದರು.

ಆಮೇಲೆ ಎರಡು ಪ್ರಶ್ನೆ ಬಂದವು. ಮೂರನೇ ಬೆಂಚಿನ ಹುಡುಗಿ ಎದ್ದು ನಿಂತು ಕೇಳಿದಳು: "ಟೀಚರ್, ಎರಡೂ ಬಲ ಸಮ, ದಿಕ್ಕು ಉಲ್ಟಾ ಅಂತ ಬೋರ್ಡ್ ಮ್ಯಾಲೆ ಬರದೀರಿ. ಐದರಾಗ ಐದು ಕಳದ್ರ ಸೊನ್ನಿ ಅಲ್ರೀ? ಮತ್ತ ಬಲೂನ್ ಯಾಕ ಹೋತು?"

ಅವಳು ಕೂರುವುದರೊಳಗೆ ಹಿಂದಿನ ಬೆಂಚಿನ ಹುಡುಗ ಉತ್ತರ ಕೊಟ್ಟ. "ಗಾಳಿ ಹಿಂದಿನ ಗ್ವಾಡಿಗೆ ಬಡಿತೈತಿ, ಅದಕ್ಕ ಬಲೂನ್ ಮುಂದ ಹೋಗ್ತೈತಿ" ಅಂದ. ಒಂದು ಗಳಿಗೆ ಬಿಟ್ಟು ಅವನೇ ಕೇಳಿದ: "ಹಂಗಾದ್ರ ಮ್ಯಾಲೆ ಆಕಾಶದಾಗ ಗಾಳಿನೂ ಇಲ್ಲ, ಗ್ವಾಡಿನೂ ಇಲ್ಲ. ಅಲ್ಲಿ ರಾಕೆಟ್ ಯಾವುದನ್ನ ದೂಡ್ತೈತ್ರಿ ಟೀಚರ್?"

ಗುರುವಾರದ ಪೀರಿಯಡ್ ಪೂರ್ತಿ ಇದಕ್ಕೇ ಅಂತ ಮಕ್ಕಳಿಗೆ ಮಾತು ಕೊಟ್ಟಿದ್ದೇನೆ. ಎರಡು ಬಲಗಳೂ ಎರಡು ಬೇರೆ ವಸ್ತುಗಳ ಮೇಲೆ ಬೀಳುತ್ತವೆ, ಅದಕ್ಕೆ ಒಂದನ್ನೊಂದು ಅಳಿಸಿಹಾಕುವುದಿಲ್ಲ ಅನ್ನುವ ಉತ್ತರ ನನಗೂ ಗೊತ್ತು. ಅದನ್ನು ಹೇಳಿದರೆ ಬರೆದುಕೊಳ್ಳುತ್ತಾರೆ. ಪರೀಕ್ಷೆಯಲ್ಲೂ ಬರೆಯುತ್ತಾರೆ. ಆದರೆ ಆ ಹುಡುಗಿಗೆ ಅದು ಕಣ್ಣಿಗೆ ಕಾಣಬೇಕು, ಬರೀ ಬಾಯಿಪಾಠ ಆಗಬಾರದು ಅಂತ ನನ್ನ ಆಸೆ. ಇದೇ ಬಲೂನ್, ಇದೇ ದಾರ ಇಟ್ಟುಕೊಂಡು ತೋರಿಸುವ ದಾರಿ ಏನಾದರೂ ಇದೆಯಾ?

ಇನ್ನೊಂದು ಸಣ್ಣ ತೊಂದರೆ. ಕೆಲವು ಗುಂಪುಗಳ ಬಲೂನ್ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. ದಾರ ಗೋಣಿಚೀಲ ಹೊಲಿಯುವ ಸುತಳಿ. ಸ್ಟ್ರಾ ಎಳನೀರು ಅಂಗಡಿಯಿಂದ ತಂದ ಕಾಗದದ್ದು.


ಉತ್ತರ
ಮಕ್ಕಳ ವಿಜ್ಞಾನ ಶಿಬಿರ ನಡೆಸುವವನು, ಮೈಸೂರು

ಮೇಡಂ, ಅರ್ಧದಲ್ಲಿ ನಿಲ್ಲುವ ವಿಷಯಕ್ಕೆ ಮಾತ್ರ ನಾನು ಹೇಳುತ್ತೇನೆ. ಉಳಿದಿದ್ದಕ್ಕೆ ಇಲ್ಲಿ ಮೇಷ್ಟ್ರುಗಳಿದ್ದಾರೆ.

ಮೊದಲು ಸುತಳಿ ಬಿಟ್ಟುಬಿಡಿ. ಅದರ ಮೈಮೇಲಿನ ನಾರು ಸ್ಟ್ರಾದ ಒಳಗೋಡೆಗೆ ಕಚ್ಚಿಕೊಳ್ಳುತ್ತದೆ. ಮೀನಿನ ಗಾಳಕ್ಕೆ ಕಟ್ಟುವ ನೈಲಾನ್ ದಾರ ತನ್ನಿ. ನಿಮ್ಮ ಕಡೆ ಸಿಗದಿದ್ದರೆ ಫ್ಯಾನ್ಸಿ ಸ್ಟೋರಿನಲ್ಲಿ ಮಣಿ ಪೋಣಿಸುವ ನೈಲಾನ್ ದಾರ ಸಿಗುತ್ತದೆ, ಅದೂ ಚೆನ್ನಾಗಿ ಜಾರುತ್ತದೆ. ಗಾಳಿಪಟದ ಮಾಂಜಾ ಮಾತ್ರ ಬೇಡವೇ ಬೇಡ. ಗಾಜಿನ ಪುಡಿ ಹಚ್ಚಿದ ದಾರ, ಮಕ್ಕಳ ಬೆರಳು ಕುಯ್ದುಬಿಡುತ್ತದೆ.

ಪ್ಲಾಸ್ಟಿಕ್ ಸ್ಟ್ರಾ 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧ ಆಗಿದೆ, ಹಾಗಾಗಿ ಕಾಗದದ್ದೇ ಗತಿ. ಅದು ಪರವಾಗಿಲ್ಲ, ಒಣಗಿರಬೇಕು ಅಷ್ಟೆ. ಮಕ್ಕಳು ಬಾಯಲ್ಲಿಟ್ಟು ಒದ್ದೆ ಮಾಡಿದ್ದು ಬೇಡ. ನಾವು ಸ್ಟ್ರಾ ತರುವುದನ್ನೇ ಬಿಟ್ಟಿದ್ದೇವೆ. ಹಳೇ ಕ್ಯಾಲೆಂಡರಿನ ನುಣುಪು ಹಾಳೆ ಕತ್ತರಿಸಿ, ಹೊಳೆಯುವ ಬದಿ ಒಳಗೆ ಬರುವ ಹಾಗೆ ಪೆನ್ಸಿಲಿಗೆ ಸುತ್ತಿ, ಅಂಚಿಗೆ ಟೇಪ್ ಹಾಕಿ ಪೆನ್ಸಿಲ್ ಎಳೆದುಬಿಡುತ್ತೇವೆ. ಕೊಳವೆ ರೆಡಿ. ತೀರಾ ಗಿಡ್ಡ ಮಾಡಬೇಡಿ, ಬಲೂನಿನ ಅರ್ಧ ಉದ್ದದಷ್ಟಾದರೂ ಇರಲಿ. ಗಿಡ್ಡ ಇದ್ದರೆ ಬಲೂನ್ ಓಲಾಡುತ್ತದೆ, ಓಲಾಡಿದರೆ ದಾರಕ್ಕೆ ಉಜ್ಜುತ್ತದೆ.

ಬಲೂನಿಗೆ ಟೇಪ್ ಹಚ್ಚುವುದು ಊದಿದ ಮೇಲೆ. ಊದುವ ಮುಂಚೆ ಹಚ್ಚಿದರೆ ರಬ್ಬರ್ ಹಿಗ್ಗುವಾಗ ಟೇಪ್ ಬಿಟ್ಟುಕೊಳ್ಳುತ್ತದೆ, ಇಲ್ಲಾ ಅಲ್ಲೇ ಹರಿಯುತ್ತದೆ. ಊದಿ, ಬಾಯಿಯನ್ನು ಎರಡು ಸುತ್ತು ತಿರುಚಿ, ಬಟ್ಟೆ ಕ್ಲಿಪ್ ಹಾಕಿಡಿ. ಆಗ ಎರಡೂ ಕೈ ಬಿಡುವಾಗುತ್ತದೆ, ನಿಧಾನವಾಗಿ ಅಂಟಿಸಬಹುದು. ಮುಖ್ಯವಾದದ್ದು ಇದು: ಬಲೂನಿನ ಬಾಯಿ ದಾರದ ನೇರಕ್ಕೇ ಇರಬೇಕು. ಬಾಯಿ ಕೆಳಗೆ ನೋಡುತ್ತಿದ್ದರೆ ಬಲೂನ್ ಮುಂದಕ್ಕೂ ಮೇಲಕ್ಕೂ ತಳ್ಳಿಸಿಕೊಳ್ಳುತ್ತದೆ, ಕೊಳವೆ ದಾರವನ್ನು ಒತ್ತಿಕೊಂಡು ನಿಲ್ಲುತ್ತದೆ. ನಿಮ್ಮಲ್ಲಿ ಅರ್ಧಕ್ಕೆ ನಿಂತ ಬಲೂನುಗಳಲ್ಲಿ ಇದೇ ಆಗಿರಬೇಕು ಅನಿಸುತ್ತದೆ. ದಾರ ಜೋತುಬಿದ್ದಿದ್ದರೂ ಕಷ್ಟ, ಅರ್ಧ ದಾರಿ ಆದಮೇಲೆ ಅದು ಏರು ಹತ್ತಬೇಕಾಗುತ್ತದೆ. ಉದ್ದನೆಯ ಬಲೂನ್ ಸಿಕ್ಕರೆ ಗುಂಡಗಿನದಕ್ಕಿಂತ ದೂರ ಹೋಗುತ್ತದೆ. ಎದುರು ಗಾಳಿಗೆ ಒಡ್ಡುವ ಅಗಲ ಕಡಿಮೆ ಅಲ್ವಾ.


ಉತ್ತರ
ನಿವೃತ್ತ ಹೈಸ್ಕೂಲ್ ಮೇಷ್ಟ್ರು, ತುಮಕೂರು

ಮೇಡಂ, ಆ ಹುಡುಗಿಯ ಪ್ರಶ್ನೆಯನ್ನು ದಯವಿಟ್ಟು ಅವಳ ಮಾತಿನಲ್ಲೇ ಬೋರ್ಡಿನ ಮೇಲೆ ಬರೆದು ಗುರುವಾರದ ಪೀರಿಯಡ್ ಶುರು ಮಾಡಿ. ಮೂರನೇ ನಿಯಮದಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಬಲೂನ್ ಓಡಿದ್ದನ್ನು ನೋಡಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅದು ಓಡಬಾರದಲ್ಲ ಅಂತ ಕೇಳುವವರು ಬೋರ್ಡಿನ ಮೇಲೆ ಬರೆದ ವಾಕ್ಯವನ್ನು ನಿಜವಾಗಿ ಓದಿದವರು.

ಅವಳ ಲೆಕ್ಕ ಸರಿಯಾಗಿಯೇ ಇದೆ. ಐದರಲ್ಲಿ ಐದು ಕಳೆದರೆ ಸೊನ್ನೆ. ಆದರೆ ಕಳೆಯಬೇಕಾದರೆ ಎರಡೂ ಒಂದೇ ಖಾತೆಯಲ್ಲಿರಬೇಕು. ನನ್ನ ಖಾತೆಯಿಂದ ಐದು ರೂಪಾಯಿ ಹೋಗಿ ನಿಮ್ಮ ಖಾತೆಗೆ ಐದು ರೂಪಾಯಿ ಬಂದರೆ, ಏನೂ ಆಗಲೇ ಇಲ್ಲ ಅಂತ ಇಬ್ಬರಲ್ಲಿ ಯಾರೂ ಹೇಳಲ್ಲ. ಬಲೂನಿನ ಖಾತೆ ಬೇರೆ, ಗಾಳಿಯ ಖಾತೆ ಬೇರೆ.

ಇದನ್ನು ಕಣ್ಣಿಗೆ ಕಾಣಿಸುವ ಪ್ರಯೋಗ ಹೇಳುತ್ತೇನೆ. ಎರಡು ಬಲಗಳನ್ನೂ ಬೇಕಂತಲೇ ಒಂದೇ ಖಾತೆಗೆ ತಂದು ಹಾಕುವುದು. ಆಗ ಅವಳು ಹೇಳಿದ ಸೊನ್ನೆ ನಿಜವಾಗಿಯೂ ಬರುತ್ತದೆ.

ಒಂದು ಹಳೇ ಲಗ್ನಪತ್ರಿಕೆ ತೆಗೆದುಕೊಳ್ಳಿ. ದಪ್ಪ ಕಾರ್ಡಿನದು, ಒಂದು ಗೇಣು ಅಗಲ ಇರಲಿ. ತೆಂಗಿನ ಪೊರಕೆಯ ಎರಡು ಕಡ್ಡಿಗಳನ್ನು ಸ್ಟ್ರಾದ ಎರಡು ಪಕ್ಕಕ್ಕೆ ಟೇಪ್ ಹಾಕಿ ಕಟ್ಟಿ. ಕಡ್ಡಿಗಳು ಬಲೂನಿನ ಬಾಯಿಯನ್ನು ದಾಟಿ ಹಿಂದಕ್ಕೆ ಚಾಚಿಕೊಂಡಿರಬೇಕು. ಆ ತುದಿಗೆ ಕಾರ್ಡನ್ನು ಅಡ್ಡಲಾಗಿ ನಿಲ್ಲಿಸಿ ಅಂಟಿಸಿ. ಬಾಯಿಂದ ಹೊರಬಂದ ಗಾಳಿ ನೇರವಾಗಿ ಕಾರ್ಡಿನ ನಡುಮಧ್ಯಕ್ಕೆ ಬಡಿಯಬೇಕು. ಬಾಯಿಗೂ ಕಾರ್ಡಿಗೂ ನಾಲ್ಕು ಬೆರಳು ಜಾಗ ಸಾಕು. ಜಾಸ್ತಿ ದೂರ ಇಟ್ಟರೆ ಗಾಳಿ ಹರಡಿಕೊಂಡು ಕಾರ್ಡಿನ ಪಕ್ಕದಿಂದ ತಪ್ಪಿಸಿಕೊಳ್ಳುತ್ತದೆ. ದಾರ ಹಾದುಹೋಗಲು ಕಾರ್ಡಿನ ಮೇಲಂಚಿನಲ್ಲಿ ಒಂದು ಸೀಳು ಮಾಡಿಕೊಳ್ಳಿ, ದಾರಕ್ಕೆ ತಾಗದಷ್ಟು ಅಗಲ.

ಈಗ ಬಿಡಿ. ಗಾಳಿ ಅಷ್ಟೇ ಜೋರಾಗಿ ಬರುತ್ತದೆ, ಅಷ್ಟೇ ಸದ್ದು ಮಾಡುತ್ತದೆ. ಬಲೂನ್ ಮಾತ್ರ ಇದ್ದಲ್ಲೇ ನಡುಗುತ್ತದೆ. ಹೆಚ್ಚೆಂದರೆ ಸ್ವಲ್ಪ ಜರುಗುತ್ತದೆ.

ಮಕ್ಕಳಲ್ಲಿ ಒಬ್ಬರು ಖಂಡಿತ ಹೇಳುತ್ತಾರೆ, ಕಾರ್ಡು ಭಾರ ಆಯಿತು ಸರ್, ಅದಕ್ಕೇ ಹೋಗಲಿಲ್ಲ ಅಂತ. ಹೇಳದಿದ್ದರೆ ನೀವೇ ಕೇಳಿ. ಆಗ ಅದೇ ಕಾರ್ಡು, ಅದೇ ಕಡ್ಡಿ, ಅದೇ ಟೇಪ್. ಕಾರ್ಡನ್ನು ಮಾತ್ರ ತಿರುಗಿಸಿ, ಅದರ ಅಂಚು ಬಲೂನಿನ ಕಡೆ ಬರುವ ಹಾಗೆ, ಗಾಳಿಯ ದಾರಿಯಿಂದ ಪಕ್ಕಕ್ಕೆ ಸರಿಸಿ ಅಂಟಿಸಿ. ತೂಕ ಒಂದು ಚೂರೂ ಬದಲಾಗಿಲ್ಲ. ಈ ಸಲ ಓಡುತ್ತದೆ. ಈ ಎರಡನೇ ಸುತ್ತು ಬಿಡಬೇಡಿ. ಇದಿಲ್ಲದೆ ಮೊದಲನೆಯದಕ್ಕೆ ಬೆಲೆಯಿಲ್ಲ.

ಏನಾಯಿತು ಅಂತ ಈಗ ಅವರ ಬಾಯಿಂದಲೇ ಬರಲಿ. ಗಾಳಿ ಬಲೂನನ್ನು ಮುಂದಕ್ಕೆ ತಳ್ಳಿತು. ಅದೇ ಗಾಳಿ ಕಾರ್ಡಿಗೆ ಬಡಿದು ಪಕ್ಕಕ್ಕೆ ಹರಿದುಹೋಯಿತು, ಬಡಿಯುವಾಗ ಕಾರ್ಡನ್ನು ಹಿಂದಕ್ಕೆ ತಳ್ಳಿತು. ಕಾರ್ಡು ಬಲೂನಿಗೇ ಕಟ್ಟಿದೆ. ಮುಂದಿನ ತಳ್ಳು, ಹಿಂದಿನ ತಳ್ಳು ಎರಡೂ ಒಂದೇ ಗಾಡಿಯ ಮೇಲೆ ಬಿದ್ದವು. ಸೊನ್ನೆ. ಕಾರ್ಡು ಇಲ್ಲದಾಗ ಹಿಂದಿನ ತಳ್ಳನ್ನು ಹೊತ್ತುಕೊಂಡು ಹೋಗಿದ್ದು ಗಾಳಿ. ಅದು ಕೋಣೆಯಲ್ಲಿ ಸೇರಿಹೋಯಿತು, ಬಲೂನಿನ ಲೆಕ್ಕಕ್ಕೆ ಬರಲೇ ಇಲ್ಲ.

ಇದಾದ ಮೇಲೆ ಬೋರ್ಡಿಗೆ ಬನ್ನಿ. ನಡುವೆ ಒಂದು ಉದ್ದ ಗೆರೆ ಎಳೆಯಿರಿ. ಎಡಗಡೆ ಬಲೂನ್ ಮಾತ್ರ ಬರೆಯಿರಿ, ಬಲಗಡೆ ಹೊರಬಂದ ಗಾಳಿ ಮಾತ್ರ. ಬಲೂನಿನ ಮೇಲೆ ಬೀಳುವ ಬಾಣ ಎಡಗಡೆ, ಗಾಳಿಯ ಮೇಲೆ ಬೀಳುವ ಬಾಣ ಬಲಗಡೆ. ನಮ್ಮ ಎಷ್ಟೋ ಗೈಡುಗಳಲ್ಲಿ ಒಂದೇ ಚಿತ್ರದ ಮೇಲೆ ಎರಡೂ ಬಾಣ ಹಾಕಿರುತ್ತಾರೆ. ಮಕ್ಕಳು ಕಳೆಯದೆ ಇನ್ನೇನು ಮಾಡುತ್ತಾರೆ ಹೇಳಿ. ನಾನು ಕೊನೆಯವರೆಗೂ ಈ ಗೆರೆ ಇಲ್ಲದೆ ಮೂರನೇ ನಿಯಮ ಹೇಳಿದವನಲ್ಲ.

ವಾಕ್ಯವನ್ನೂ ಪೂರ್ತಿಯಾಗಿ ಹೇಳಿಸಿ. "ಬಲೂನ್ ಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ. ಗಾಳಿ ಬಲೂನನ್ನು ಮುಂದಕ್ಕೆ ತಳ್ಳುತ್ತದೆ." ಮೊದಲನೆಯದರಲ್ಲಿ ತಳ್ಳುವವನು ಎರಡನೆಯದರಲ್ಲಿ ತಳ್ಳಿಸಿಕೊಳ್ಳುತ್ತಾನೆ. ಹೀಗೆ ಅದಲುಬದಲು ಆಗದಿದ್ದರೆ ಅದು ಮೂರನೇ ನಿಯಮದ ಜೋಡಿಯೇ ಅಲ್ಲ. ಮೇಜಿನ ಮೇಲಿಟ್ಟ ಪುಸ್ತಕವನ್ನು ಕೊಟ್ಟು ಪರೀಕ್ಷೆ ಮಾಡಿ. ಭೂಮಿ ಪುಸ್ತಕವನ್ನು ಕೆಳಗೆ ಎಳೆಯುತ್ತದೆ, ಮೇಜು ಪುಸ್ತಕವನ್ನು ಮೇಲೆ ತಳ್ಳುತ್ತದೆ. ಇವೆರಡೂ ಸಮ, ದಿಕ್ಕು ವಿರುದ್ಧ. ಆದರೂ ಇದು ಆ ಜೋಡಿ ಅಲ್ಲ, ಎರಡೂ ಪುಸ್ತಕದ ಮೇಲೇ ಬೀಳುತ್ತವೆ, ಅದಕ್ಕೇ ಪುಸ್ತಕ ಸುಮ್ನೆ ಕೂತಿದೆ. ಭೂಮಿ ಪುಸ್ತಕವನ್ನು ಎಳೆಯುತ್ತದೆ ಅನ್ನುವುದರ ನಿಜವಾದ ಜೋಡಿ, ಪುಸ್ತಕ ಭೂಮಿಯನ್ನು ಎಳೆಯುತ್ತದೆ. ಇದನ್ನು ಕೇಳಿದಾಗ ಮಕ್ಕಳ ಮುಖ ನೋಡಬೇಕು.

ಇನ್ನೊಂದು ಎಚ್ಚರಿಕೆ. ಮೊದಲು ಕ್ರಿಯೆ, ಆಮೇಲೆ ಪ್ರತಿಕ್ರಿಯೆ ಅಂತ ಹೇಳಬೇಡಿ. ಎರಡೂ ಒಟ್ಟಿಗೆ ಹುಟ್ಟುತ್ತವೆ, ಒಟ್ಟಿಗೆ ಮುಗಿಯುತ್ತವೆ. ಯಾವುದನ್ನು ಕ್ರಿಯೆ ಅಂದರೂ ನಡೆಯುತ್ತದೆ.

ಇನ್ನು ಆ ಹುಡುಗನ ಗೋಡೆ. ಅದಕ್ಕೆ ಮಾತೇ ಬೇಡ, ಅವನಿಂದಲೇ ಮಾಡಿಸಿ. ಒಮ್ಮೆ ಗೋಡೆಯಿಂದ ಒಂದು ಮೊಳ ಬಿಟ್ಟು ಹಾರಿಸಲಿ, ಒಮ್ಮೆ ಕೋಣೆಯ ನಡುವಿನಿಂದ ಹಾರಿಸಲಿ. ಎರಡು ಸಲವೂ ಒಂದೇ ಗಾತ್ರಕ್ಕೆ ಊದಬೇಕು. ಬಲೂನಿನ ಸುತ್ತ ದಾರ ಹಾಕಿ ಗಂಟು ಗುರುತು ಮಾಡಿಕೊಂಡರೆ ಸಾಕು. ಗೋಡೆ ಹತ್ತಿರ ಇದ್ದರೆ ಜಾಸ್ತಿ ಓಡಬೇಕಲ್ಲ? ಓಡಲ್ಲ.

ಬಲೂನಿನ ಒಳಗೆ ಏನಾಗುತ್ತದೆ ಅಂತಲೂ ಅವನಿಗೆ ಹೇಳಿ. ಬಾಯಿ ಮುಚ್ಚಿದ ಬಲೂನಿನಲ್ಲಿ ಗಾಳಿ ಎಲ್ಲಾ ಕಡೆಗೂ ರಬ್ಬರನ್ನು ಒತ್ತುತ್ತಿರುತ್ತದೆ. ಹಿಂದಿನ ಒತ್ತು, ಮುಂದಿನ ಒತ್ತು ಸರಿಹೋಗಿ ಬಲೂನ್ ಸುಮ್ಮನಿರುತ್ತದೆ. ಬಾಯಿ ಬಿಟ್ಟ ತಕ್ಷಣ ಆ ಜಾಗದಲ್ಲಿ ಒತ್ತಿಸಿಕೊಳ್ಳಲು ರಬ್ಬರೇ ಇಲ್ಲ. ಎದುರು ಬದಿಯ ಒತ್ತು ಮಾತ್ರ ಹಾಗೇ ಉಳಿಯಿತು. ಬಲೂನ್ ಆ ಕಡೆಗೆ ಹೋಗುತ್ತದೆ. ಇಷ್ಟರಲ್ಲಿ ಎಲ್ಲಿಯಾದರೂ ಗೋಡೆ ಬಂತಾ? ಹೊರಗಿನ ಗಾಳಿ ಬೇಕಾಯಿತಾ?


ಉತ್ತರ
ಹೊಸನಗರದವನು

ಮೇಷ್ಟ್ರು ಹೇಳಿದ್ದಕ್ಕೆ ನಮ್ಮ ಊರಿನ ಕಡೆಯದೊಂದು ಸೇರಿಸುತ್ತೇನೆ, ಮಕ್ಕಳಿಗೆ ಹೇಳಲು ಆಗುತ್ತದೆ.

ನಮ್ಮ ತಾಲೂಕಿನ ನಗರದಲ್ಲಿ, ಅಂದರೆ ಹಳೇ ಬಿದನೂರಿನಲ್ಲಿ, 2018ರಲ್ಲಿ ಒಂದು ಪಾಳು ಬಾವಿಯ ಹೂಳು ತೆಗೆಯುವಾಗ ಸಾವಿರದಷ್ಟು ಕಬ್ಬಿಣದ ರಾಕೆಟ್ ಸಿಕ್ಕವು. ಟಿಪ್ಪು ಕಾಲದ್ದು. ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಮ್ಯೂಸಿಯಂನಲ್ಲಿ ಇಂಥ ರಾಕೆಟ್‌ಗಳನ್ನು ಇಟ್ಟಿದ್ದಾರೆ. ನೋಡಿದರೆ ಸಾದಾ ಕಬ್ಬಿಣದ ಕೊಳವೆ. ಒಂದು ತುದಿ ಮುಚ್ಚಿದೆ, ಇನ್ನೊಂದು ತುದಿಯಲ್ಲಿ ತೂತು. ಒಳಗೆ ಮದ್ದು ತುಂಬಿ ಬೆಂಕಿ ಕೊಟ್ಟರೆ ಬಿಸಿ ಅನಿಲ ತೂತಿನಿಂದ ನುಗ್ಗುತ್ತದೆ, ಮುಚ್ಚಿದ ತುದಿಯ ಕಡೆಗೆ ಕೊಳವೆ ಓಡುತ್ತದೆ. ಬಲೂನಿನದ್ದೇ ಕೆಲಸ. ರಬ್ಬರಿನ ಬದಲು ಕಬ್ಬಿಣ, ಉಸಿರಿನ ಬದಲು ಮದ್ದು.

ಆಗ ಬೇರೆ ಕಡೆ ಕಾಗದ, ಬಿದಿರಿನ ಕೊಳವೆಗಳಿದ್ದವು. ಅವು ಹೆಚ್ಚು ಒತ್ತಡ ತಡೆಯುತ್ತಿರಲಿಲ್ಲ. ಕಬ್ಬಿಣ ತಡೆಯಿತು, ಅದಕ್ಕೇ ಮೈಸೂರಿನ ರಾಕೆಟ್ ದೂರ ಹೋಯಿತು. 1780ರ ಪೊಲ್ಲಿಲೂರು ಯುದ್ಧದಲ್ಲಿ ಹೈದರಾಲಿಯ ಸೈನ್ಯ ಇದನ್ನು ಬಳಸಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಇವನ್ನು ಇಂಗ್ಲೆಂಡಿಗೆ ಒಯ್ದರು. ಅಲ್ಲಿ ವಿಲಿಯಂ ಕಾಂಗ್ರೀವ್ ಇದೇ ಮಾದರಿ ಇಟ್ಟುಕೊಂಡು ತನ್ನ ರಾಕೆಟ್ ಮಾಡಿದ.

ಮಕ್ಕಳಿಗೆ ಕೇಳಬಹುದಾದ ಪ್ರಶ್ನೆ ಒಂದಿದೆ. ಆ ಕೊಳವೆಗೆ ಉದ್ದನೆಯ ಬಿದಿರು ಯಾಕೆ ಕಟ್ಟುತ್ತಿದ್ದರು? ದೀಪಾವಳಿ ರಾಕೆಟ್‌ಗೆ ಕಡ್ಡಿ ಯಾಕೆ? ದಾರ ಇಲ್ಲದೆ ಒಂದು ಬಲೂನ್ ಬಿಟ್ಟು ನೋಡಲಿ. ಬಾಯಿ ಅಲುಗಾಡಿದ ಹಾಗೆಲ್ಲ ಅದು ಕೋಣೆ ತುಂಬ ಸುತ್ತಿ ಎಲ್ಲೋ ಬೀಳುತ್ತದೆ. ತಳ್ಳುವ ಬಲ ಇದ್ದರೆ ಸಾಲದು, ಮೂತಿ ನೇರ ಹಿಡಿಯಲು ಏನಾದರೂ ಬೇಕು. ನಿಮ್ಮ ಕ್ಲಾಸಿನಲ್ಲಿ ಅದನ್ನು ದಾರ ಮಾಡುತ್ತಿದೆ, ಟಿಪ್ಪುವಿನ ರಾಕೆಟ್‌ನಲ್ಲಿ ಬಿದಿರು ಮಾಡುತ್ತಿತ್ತು.


ಪ್ರಶ್ನೆ ಕೇಳಿದವರು
ವಿಜ್ಞಾನ ಟೀಚರ್, ಗದಗ ಜಿಲ್ಲೆ

ಎಲ್ಲರಿಗೂ ತುಂಬಾ ಧನ್ಯವಾದ. ಗುರುವಾರ ಮಾಡಿಸಿದೆ. ಏನಾಯಿತು ಅಂತ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾಗಬಹುದು.

ಮಣಿ ದಾರ ಮತ್ತು ಕ್ಯಾಲೆಂಡರ್ ಕೊಳವೆಯಿಂದ ಅರ್ಧದಲ್ಲಿ ನಿಲ್ಲುವುದು ನಿಂತಿತು. ಲಗ್ನಪತ್ರಿಕೆಯನ್ನು ಮಕ್ಕಳೇ ಮನೆಯಿಂದ ತಂದರು. ಕಾರ್ಡು ಅಡ್ಡ ಇಟ್ಟು ಬಿಟ್ಟಾಗ ಬಲೂನ್ ಬುಸ್ಸಂತ ಸದ್ದು ಮಾಡುತ್ತಾ ಕಿಟಕಿ ಹತ್ತಿರವೇ ತೂಗಾಡಿತು. ಕಾರ್ಡಿನ ಅಂಚುಗಳಿಂದ ಗಾಳಿ ಪಕ್ಕಕ್ಕೆ ಚಿಮ್ಮುವುದು ಹತ್ತಿರ ಕೈಯಿಟ್ಟವರಿಗೆ ಗೊತ್ತಾಗುತ್ತಿತ್ತು. ಒಬ್ಬ ತನ್ನ ನೋಟ್‌ಬುಕ್ಕಿನ ಹಾಳೆ ಹರಿದು ಚೂರು ಮಾಡಿ ಹಿಡಿದ, ಚೂರುಗಳೆಲ್ಲ ಮೇಲಕ್ಕೂ ಪಕ್ಕಕ್ಕೂ ಹಾರಿದವು. ಆಮೇಲೆ ಕಾರ್ಡು ತಿರುಗಿಸಿ ಬಿಟ್ಟಾಗ ಬಾಗಿಲ ತನಕ ಹೋಯಿತು. ಭಾರದ ಮಾತು ನಿಜವಾಗಿಯೂ ಬಂದಿತ್ತು, ಅದಕ್ಕೆ ಅಲ್ಲೇ ಉತ್ತರ ಸಿಕ್ಕಿತು.

ಮೂರನೇ ಬೆಂಚಿನ ಹುಡುಗಿ ಬೋರ್ಡಿನ ಹತ್ತಿರ ಬಂದು ತಾನೇ ಗೆರೆಯ ಎರಡೂ ಬದಿ ಬಾಣ ಬರೆದಳು. ಬರೆದು ಮುಗಿಸಿ ಮತ್ತೆ ಕೇಳಿದಳು: "ಕಾರ್ಡ್ ಚಪ್ಪಟೆ ಇಟ್ರ ನಿಂತತು. ಕಾರ್ಡ್ ಬದಲಿ ಬಟ್ಟಲ ಇಟ್ಟು, ಗಾಳಿ ಹೊಳ್ಳಿ ಬಲೂನ್ ಕಡೆನ ಬರುವಂಗ ಮಾಡಿದ್ರ, ಬಲೂನ್ ಹಿಂದ ಹೋಗ್ತೈತೇನ್ರಿ?"

ಹಿಂದಿನ ಬೆಂಚಿನವನು ಗೋಡೆಯ ಪ್ರಯೋಗ ಮಾಡಿ ಒಪ್ಪಿದ. ಆದರೆ ಬಾಹ್ಯಾಕಾಶದ ವಿಷಯಕ್ಕೆ ಇನ್ನೂ ಪೂರ್ತಿ ಸಮಾಧಾನ ಆಗಿಲ್ಲ. ನಮ್ಮ ಕ್ಲಾಸಿನಲ್ಲಂತೂ ಗಾಳಿ ಇದ್ದೇ ಇದೆಯಲ್ಲ ಅಂತಾನೆ. ಅದೂ ನ್ಯಾಯವೇ.

ಇನ್ನೊಂದನ್ನು ಮಕ್ಕಳು ಗಮನಿಸಿದರು. ಬಲೂನ್ ಸಣ್ಣಗಾಗುತ್ತಾ ಬಂದು ಕೊನೆಯಲ್ಲಿ ಕೀಚಲು ಸದ್ದು ಮಾಡಿ ಒಮ್ಮೆಲೇ ಜೋರಾಗಿ ಓಡುತ್ತದೆ. ಗಾಳಿ ಖಾಲಿ ಆಗುತ್ತಿರುವಾಗ ನಿಧಾನ ಆಗಬೇಕಲ್ವಾ?


ಉತ್ತರ
ನಿವೃತ್ತ ಹೈಸ್ಕೂಲ್ ಮೇಷ್ಟ್ರು, ತುಮಕೂರು

ಮೇಡಂ, ಓದಿ ಬಹಳ ಖುಷಿ ಆಯಿತು. ಕಾಗದದ ಚೂರು ಹಿಡಿದ ಹುಡುಗನಿಗೆ ನನ್ನ ಶಹಬ್ಬಾಸ್ ಹೇಳಿ. ಗಾಳಿ ಎಲ್ಲಿಗೆ ಹೋಯಿತು ಅಂತ ನೋಡುವ ಬುದ್ಧಿ ಹೇಳಿಕೊಟ್ಟು ಬರುವಂಥದ್ದಲ್ಲ.

ಬಟ್ಟಲಿನ ಪ್ರಶ್ನೆಗೆ ಉತ್ತರ: ಹೌದು. ಗಾಳಿ ತಿರುಗಿ ಮುಂದಕ್ಕೆ ಹೋದರೆ ಇಡೀ ಗಾಡಿ ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ. ಬಲೂನಿನಲ್ಲಿ ಇದನ್ನು ತೋರಿಸುವುದು ಕಷ್ಟ. ಗಾಳಿ ಬಟ್ಟಲಿನಲ್ಲಿ ಚೆದುರಿ ಅರ್ಧ ಪಕ್ಕಕ್ಕೇ ಹೋಗುತ್ತದೆ, ತಿರುಗಿ ಬಂದದ್ದು ಬಲೂನಿನ ಮೈಗೇ ಬಡಿಯುತ್ತದೆ. ಆದರೆ ಜೆಟ್ ವಿಮಾನ ಇಳಿಯುವಾಗ ಇದನ್ನೇ ಮಾಡುತ್ತದೆ. ಚಕ್ರ ನೆಲ ಮುಟ್ಟಿದ ಮೇಲೆ ಎಂಜಿನ್ನಿನ ಪಕ್ಕದ ಕವಚ ತೆರೆದುಕೊಂಡು ಗಾಳಿಯನ್ನು ಮುಂದಕ್ಕೆ ತಿರುಗಿಸುತ್ತದೆ, ವಿಮಾನ ನಿಧಾನ ಆಗುತ್ತದೆ. ರನ್‌ವೇ ಮೇಲೆ ಒಮ್ಮೆಲೇ ಏಳುವ ಜೋರು ಸದ್ದು ಅದೇ. ವಿಮಾನ ಇಳಿಯುವ ವಿಡಿಯೋ ಒಂದನ್ನು ಆ ಮಗುವಿಗೆ ತೋರಿಸಿ. ಯಾರೂ ಹೇಳಿಕೊಡದೆ ಅವಳು ತಾನೇ ಅಲ್ಲಿಗೆ ಮುಟ್ಟಿದ್ದಾಳೆ.

ಕೊನೆಯ ಜೋರಿನ ಬಗ್ಗೆ. ಬಲೂನ್ ಊದುವಾಗ ಯಾವಾಗ ಕಷ್ಟ? ಶುರುವಿನಲ್ಲಿ. ಕೆನ್ನೆ ನೋಯುವ ಹಾಗೆ ಊದಬೇಕು. ಒಮ್ಮೆ ಸ್ವಲ್ಪ ಹಿಗ್ಗಿತು ಅಂದರೆ ಆಮೇಲೆ ಸಲೀಸು. ಅಂದರೆ ಸಣ್ಣ ಬಲೂನಿನ ಒಳಗೇ ಒತ್ತಡ ಜಾಸ್ತಿ. ಖಾಲಿ ಆಗುವಾಗ ಇದೇ ದಾರಿಯಲ್ಲಿ ವಾಪಸ್ ಬರುತ್ತದೆ, ಕೊನೆಯಲ್ಲಿ ರಬ್ಬರ್ ಬಿಗಿಯಾಗಿ ಹಿಂಡುತ್ತದೆ, ಗಾಳಿ ಜೋರಾಗಿ ನುಗ್ಗುತ್ತದೆ. ಅಷ್ಟೊತ್ತಿಗೆ ಬಲೂನ್ ಹಗುರವೂ ಆಗಿರುತ್ತದೆ, ಗಾತ್ರ ಕುಗ್ಗಿ ಎದುರು ಗಾಳಿಯ ತಡೆಯೂ ಕಮ್ಮಿ ಆಗಿರುತ್ತದೆ.

ಹಗುರ ಅಂದೆನಲ್ಲ, ಇದರಲ್ಲಿ ಒಂದು ಒಳ್ಳೆಯ ಲೆಕ್ಕ ಇದೆ. ಒಂದು ಲೀಟರ್ ಗಾಳಿ ಸುಮಾರು 1.2 ಗ್ರಾಂ. 20 ಸೆಂಟಿಮೀಟರ್ ಅಡ್ಡಗಲಕ್ಕೆ ಊದಿದ ಗುಂಡು ಬಲೂನಿನಲ್ಲಿ 4 ಲೀಟರಿಗೆ ಸ್ವಲ್ಪ ಜಾಸ್ತಿ ಗಾಳಿ ಹಿಡಿಯುತ್ತದೆ. ಅಂದರೆ 5 ಗ್ರಾಂ. ಸಾಮಾನ್ಯ ಬಲೂನಿನ ರಬ್ಬರ್ ಎರಡು ಮೂರು ಗ್ರಾಂ ಅಷ್ಟೆ. ಈ ರಾಕೆಟ್‌ನಲ್ಲಿ ಮೈಗಿಂತ ಇಂಧನವೇ ಭಾರ! ನಿಜವಾದ ರಾಕೆಟ್ ಕೂಡ ಹೀಗೇ. ನೆಲ ಬಿಡುವಾಗ ಅದರ ತೂಕದ ಬಹುಪಾಲು ಇಂಧನವೇ. ಗೋಲದ ಘನಫಲದ ಸೂತ್ರ ಅವರು ಕಲಿಯುವುದೂ ಇದೇ ಒಂಬತ್ತನೇ ಕ್ಲಾಸಿನಲ್ಲಿ, ಗಣಿತದ ಪೀರಿಯಡ್ ಜೊತೆ ಸೇರಿಸಿಕೊಳ್ಳಿ. ಆದರೆ ತಕ್ಕಡಿಯಲ್ಲಿಟ್ಟು ಈ 5 ಗ್ರಾಂ ತೋರಿಸಲು ಹೋಗಬೇಡಿ, ಕಾಣಲ್ಲ. ಸುತ್ತಲಿನ ಗಾಳಿ ಬಲೂನನ್ನು ಹೆಚ್ಚುಕಮ್ಮಿ ಅಷ್ಟೇ ಮೇಲಕ್ಕೆ ಎತ್ತಿ ಹಿಡಿದಿರುತ್ತದೆ.

ಕೊನೆಗೆ ಹಿಂದಿನ ಬೆಂಚಿನವನಿಗೆ. ಅವನ ಅನುಮಾನ ದೊಡ್ಡದೊಡ್ಡವರಿಗೂ ಇತ್ತು. ಅಮೆರಿಕದ ರಾಬರ್ಟ್ ಗೊಡಾರ್ಡ್, ರಾಕೆಟ್ ಚಂದ್ರನವರೆಗೂ ಹೋಗಬಹುದು ಅಂದಾಗ, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 1920ರ ಜನವರಿ 13ರ ಸಂಪಾದಕೀಯದಲ್ಲಿ ಅವರನ್ನು ಗೇಲಿ ಮಾಡಿತು. ಒತ್ತಿ ತಳ್ಳಲು ಅಲ್ಲಿ ಏನೂ ಇಲ್ಲ, ಹೈಸ್ಕೂಲ್ ಮಕ್ಕಳಿಗೆ ಗೊತ್ತಿರುವುದು ಇವರಿಗೆ ಗೊತ್ತಿಲ್ಲ ಅನ್ನುವುದು ಅದರ ವಾದ. ಗೊಡಾರ್ಡ್ ಅಷ್ಟೊತ್ತಿಗಾಗಲೇ ಗಾಳಿ ತೆಗೆದ ಕೊಳವೆಯೊಳಗೆ ಸಣ್ಣ ರಾಕೆಟ್ ಉರಿಸಿ ನೋಡಿದ್ದರು. ಗಾಳಿ ಇಲ್ಲದ ಕಡೆ ತಳ್ಳು ಕಡಿಮೆ ಆಗಲಿಲ್ಲ, ಜಾಸ್ತಿಯೇ ಆಯಿತು. ಹೊರಗಿನ ಗಾಳಿ ಸಹಾಯ ಮಾಡುವುದಿಲ್ಲ, ಅಡ್ಡಿ ಮಾಡುತ್ತದೆ. ಆ ಪತ್ರಿಕೆ ತಿದ್ದುಪಡಿ ಹಾಕಿದ್ದು 1969ರ ಜುಲೈ 17ರಂದು, ಅಪೋಲೋ 11 ಹೊರಟ ಮಾರನೇ ದಿನ. ಗೊಡಾರ್ಡ್ 1945ರಲ್ಲೇ ತೀರಿಹೋಗಿದ್ದರು.

ಅಷ್ಟು ದೂರದ ಕಥೆ ಬೇಡ ಅಂದರೆ ನಮ್ಮ ಚಂದ್ರಯಾನ 3 ಇದೆ. 2023ರ ಆಗಸ್ಟ್ 23ರಂದು ವಿಕ್ರಮ್ ಇಳಿದಿದ್ದನ್ನು ನಿಮ್ಮ ಮಕ್ಕಳು ನೋಡಿರುತ್ತಾರೆ. ಅಲ್ಲಿ ಉಸಿರಾಡುವ ಗಾಳಿ ಇಲ್ಲ, ಪ್ಯಾರಾಚೂಟ್ ಬಿಚ್ಚಿದರೂ ಪ್ರಯೋಜನ ಇಲ್ಲ. ಎಂಜಿನ್ನಿನ ತಳ್ಳಿನಿಂದಲೇ ವೇಗ ಇಳಿಸಿಕೊಂಡು ಕೂತಿತು. ಅದಕ್ಕಿಂತ ಚೆನ್ನಾಗಿರುವುದು ಆಮೇಲೆ ನಡೆದದ್ದು. ಸೆಪ್ಟೆಂಬರ್ 3ರಂದು ಇಸ್ರೋದವರು ಆ ಎಂಜಿನ್ನುಗಳನ್ನು ಮತ್ತೆ ಉರಿಸಿದರು. ವಿಕ್ರಮ್ ಸುಮಾರು 40 ಸೆಂಟಿಮೀಟರ್ ಮೇಲೆದ್ದು, 30-40 ಸೆಂಟಿಮೀಟರ್ ಆಚೆ ಮತ್ತೆ ಇಳಿಯಿತು. ನೆಲ ಹತ್ತಿರ ಇತ್ತಲ್ಲ, ಅದನ್ನು ತಳ್ಳಿ ಎದ್ದಿತು ಅಂತ ಅವನು ಹೇಳಬಹುದು. ಆಗ ಇಳಿಯುವ ಮುಂಚಿನದನ್ನು ಕೇಳಿ. ವೇಗ ಇಳಿಸಲು ಶುರು ಮಾಡಿದ್ದು ನೆಲದಿಂದ ಸುಮಾರು 30 ಕಿಲೋಮೀಟರ್ ಮೇಲೆ. ಅಲ್ಲಿ ಹಿಂದೆ ಏನಿತ್ತು ತಳ್ಳಲು? ತನ್ನ ಎಂಜಿನ್ನಿನಿಂದ ತಾನೇ ಹೊರಗೆಸೆದ ಬಿಸಿ ಅನಿಲ ಮಾತ್ರ.


ಉತ್ತರ
ಪ್ರೈಮರಿ ಸ್ಕೂಲ್ ಟೀಚರ್, ಕುಂದಾಪುರ

ಈ ಚರ್ಚೆ ಓದಿ ನಾನೂ ಐದನೇ ಕ್ಲಾಸಿಗೆ ಕಾರ್ಡಿನ ಪ್ರಯೋಗ ಮಾಡಿಸಬೇಕು ಅಂದುಕೊಂಡಿದ್ದೇನೆ. ಸಣ್ಣ ಮಕ್ಕಳಿಗೆ ಮಾಡಿಸುವವರು ಎರಡು ವಿಷಯ ನೋಡಿಕೊಳ್ಳಿ.

ಒಬ್ಬರು ಊದಿದ ಬಲೂನನ್ನು ಇನ್ನೊಬ್ಬರ ಬಾಯಿಗೆ ಕೊಡಬೇಡಿ. ಬಲೂನ್ ಊದುವ ಕೈಪಂಪ್ ಆಟಿಕೆ ಅಂಗಡಿಯಲ್ಲಿ ಸಿಗುತ್ತದೆ. ಪಂಪ್ ಹೊಡೆದದ್ದನ್ನು ಎಣಿಸಿದರೆ ಪ್ರತಿ ಸಲವೂ ಒಂದೇ ಗಾತ್ರ ಬರುತ್ತದೆ, ಮೇಷ್ಟ್ರು ಹೇಳಿದ ಹೋಲಿಕೆಗೂ ಅನುಕೂಲ. ಇನ್ನೊಂದು, ಒಡೆದ ಬಲೂನಿನ ಚೂರುಗಳನ್ನು ಆಗಲೇ ಆರಿಸಿ ಡಬ್ಬಕ್ಕೆ ಹಾಕಿಸಿ. ಸಣ್ಣವರು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕೆಲವು ಮಕ್ಕಳಿಗೆ ಬಲೂನಿನ ರಬ್ಬರ್ ಮುಟ್ಟಿದರೆ ತುರಿಕೆ, ದದ್ದು ಬರುತ್ತದೆ. ಮೊದಲೇ ಕೇಳಿಕೊಂಡು ಅಂಥವರಿಗೆ ದೂರ ಅಳೆಯುವ ಕೆಲಸ ಕೊಡಿ.

ಮೇಷ್ಟ್ರೇ, ಕಾರ್ಡನ್ನು ಪೂರ್ತಿ ಅಡ್ಡ ಇಡದೆ ಸ್ವಲ್ಪ ವಾರೆ ಮಾಡಿ ಇಟ್ಟರೆ ಬಲೂನ್ ದಾರದ ಸುತ್ತ ತಿರುಗುತ್ತದೆಯೇ? ನಮ್ಮಲ್ಲಿ ಸೋಮವಾರ ಮಾಡಿಸುತ್ತೇವೆ, ನೋಡಿ ಇಲ್ಲೇ ಬರೆಯುತ್ತೇನೆ.